ಓದುಗರ ಪ್ರಶ್ನೆ: ನೆನಪಿನ ಮಾತ್ರೆಗೂ ಒಂದು ಪರೀಕ್ಷೆ

ಪ್ರಶ್ನೆ: ನನ್ನ ಮಗ ತುಮಕೂರಿನಲ್ಲಿ ಕೊಠಡಿ ಹಿಡಿದು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಯಾವ ಕಾಯಿಲೆಯೂ ಇಲ್ಲದ ಅವನು ಜೊತೆಗಾರರ ಮಾತು ಕೇಳಿ ಮೊಡಾಫಿನಿಲ್ ಎಂಬ ಮಾತ್ರೆಯನ್ನು ನುಂಗತೊಡಗಿದ್ದಾನೆ. ಬೇಡವೆಂದರೆ ಲೆಕ್ಕ ತೋರಿಸುತ್ತಾನೆ. ಇಪ್ಪತ್ತು ಪದಗಳನ್ನು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದಾಗ ಮೊದಲು 11 ಬರುತ್ತಿದ್ದವು, ಮಾತ್ರೆ ಶುರುಮಾಡಿದ ಮೇಲೆ 16 ಬರುತ್ತಿವೆ ಎನ್ನುತ್ತಾನೆ. ಇದು ಪುರಾವೆಯಲ್ಲವೇ?
— ಓದುಗರೊಬ್ಬರು, ಗುಬ್ಬಿ

ಉತ್ತರ: ಬರಿಯ ನಂಬಿಕೆಯ ಮೇಲೆ ವಾದಿಸದೆ ಎಣಿಸಿ ನೋಡಿದ್ದಾನಲ್ಲ, ಅದಕ್ಕಾಗಿ ನಿಮ್ಮ ಮಗನನ್ನು ಮೆಚ್ಚಬೇಕು. ಆದರೆ ಆ ಐದು ಪದಗಳ ಹೆಚ್ಚಳ ಮಾತ್ರೆಯಿಂದಲೇ ಬಂದಿತೆಂದು ಹೇಳಲು ಅವನ ಲೆಕ್ಕ ಸಾಲದು.

ಪದಗಳ ಪಟ್ಟಿಯನ್ನು ಎರಡನೆಯ ಸಲ ಬಾಯಿಪಾಠ ಮಾಡುವವನು ಮೊದಲ ಸಲದವನಲ್ಲ. ಪದಗಳನ್ನು ಕಥೆಯಾಗಿ ಹೆಣೆಯುವ ಉಪಾಯ ಅಷ್ಟರಲ್ಲಿ ಅವನಿಗೆ ತಾನಾಗಿಯೇ ಒಲಿದಿರುತ್ತದೆ. ಆದ್ದರಿಂದ ಸಂಶೋಧಕರು ಔಷಧಕ್ಕೆ ಮುನ್ನವೇ ಕೆಲವು ಸುತ್ತು ಅಭ್ಯಾಸ ಮಾಡಿಸಿ, ಆಮೇಲೆ ಪ್ರತಿ ಸಲವೂ ಬೇರೆ, ಆದರೆ ಸಮಾನ ಕಷ್ಟದ ಪಟ್ಟಿಯನ್ನು ಕೊಡುತ್ತಾರೆ. ಈ ಸಮಾನತೆಯನ್ನು ಸಾಧಿಸುವುದು ಕೇಳಿದಷ್ಟು ಸುಲಭವಲ್ಲ. ‘ಎತ್ತು’, ‘ಬಾವಿ’, ‘ರಾಗಿ’ಗಳಂತೆ ಕಣ್ಣಿಗೆ ಕಟ್ಟುವ ಪದಗಳು ‘ಹಂಬಲ’, ‘ನ್ಯಾಯ’ಗಳಂಥ ಪದಗಳಿಗಿಂತ ಬೇಗ ನೆನಪಿಗೆ ಬರುತ್ತವೆ. ನಮ್ಮ ಕಡೆ ಇನ್ನೊಂದು ತೊಡಕೂ ಇದೆ: ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು; ಅಂಥವರಿಗೆ ಕನ್ನಡದ ಪಟ್ಟಿಯನ್ನಷ್ಟೇ ಕೊಟ್ಟರೆ ನಾವು ಅಳೆಯುತ್ತಿರುವುದು ನೆನಪನ್ನೋ ಭಾಷೆಯನ್ನೋ ತಿಳಿಯದು. ಹೊರದೇಶದ ಪರೀಕ್ಷೆಯನ್ನು ಅನುವಾದಿಸಿ ಬಳಸುವಾಗ ಇದನ್ನು ಮರೆಯಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿರೀಕ್ಷೆಯ ಮಾತು. ಮಾತ್ರೆ ನುಂಗಿದ್ದೇನೆಂದು ತಿಳಿದವನು ಹೆಚ್ಚು ಹುರುಪಿನಿಂದ ಕೂರುತ್ತಾನೆ. ಅದಕ್ಕಾಗಿಯೇ ನೋಡಲು ಅದೇ ರೀತಿ ಇರುವ, ಔಷಧವಿಲ್ಲದ ಹುಸಿಮಾತ್ರೆಯೊಂದು ಬೇಕು. ಯಾವ ದಿನ ಯಾವುದು ಸಿಕ್ಕಿತೆಂಬುದು ನುಂಗಿದವನಿಗೂ ಅಂಕ ಹಾಕುವವನಿಗೂ ಕೊನೆಯವರೆಗೆ ತಿಳಿಯಕೂಡದು. ಒಬ್ಬರಿಗೇ ಎರಡನ್ನೂ ಕೊಟ್ಟು ಹೋಲಿಸುವುದಾದರೆ, ಮೊದಲು ಕೊಟ್ಟದ್ದು ಮೈಯಿಂದ ಪೂರ್ತಿ ಇಳಿದುಹೋಗುವಷ್ಟು ದಿನ ನಡುವೆ ಬಿಡಬೇಕು, ಮತ್ತು ಅರ್ಧ ಜನರಿಗೆ ಔಷಧವನ್ನು ಮೊದಲು, ಉಳಿದರ್ಧಕ್ಕೆ ಹುಸಿಮಾತ್ರೆಯನ್ನು ಮೊದಲು ಕೊಡಬೇಕು. ಇಷ್ಟೆಲ್ಲ ಮಾಡಿದರೂ ಎದೆಬಡಿತ ಹೆಚ್ಚಿಸುವ ಔಷಧವಾದರೆ ಗುಟ್ಟು ಒಡೆದುಹೋಗಬಹುದು. ಹಾಗಾಗಿ ಒಳ್ಳೆಯ ಅಧ್ಯಯನದಲ್ಲಿ ಕೊನೆಗೆ ‘ನಿಮಗೆ ಸಿಕ್ಕಿದ್ದು ಯಾವುದೆಂದುಕೊಂಡಿರಿ?’ ಎಂದೂ ಕೇಳಿ ಬರೆದುಕೊಳ್ಳುತ್ತಾರೆ.

ಈ ಎಚ್ಚರ ಏಕೆ ಬೇಕೆಂಬುದಕ್ಕೆ 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನಿಮ್ಮ ಮಗನಿಗೆ ಹೇಳಿ. ಆರೋಗ್ಯವಂತರಾದ 46 ಯುವಜನರಿಗೆ ಆಂಫೆಟಮೈನ್ ಎಂಬ ಉತ್ತೇಜಕ ಔಷಧದ ಮಿಶ್ರಣವನ್ನೂ ಹುಸಿಮಾತ್ರೆಯನ್ನೂ ಬೇರೆ ಬೇರೆ ದಿನ ಕೊಟ್ಟು ಹಲವು ಪರೀಕ್ಷೆ ಮಾಡಿದರು. ಒಟ್ಟಾರೆ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಆದರೂ ಔಷಧದ ದಿನ ತಾವು ಚೆನ್ನಾಗಿ ಮಾಡಿದೆವೆಂದೇ ಅವರಿಗೆ ಅನ್ನಿಸಿತ್ತು.

ಮೊಡಾಫಿನಿಲ್ ಮೂಲತಃ ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುವ ಕಾಯಿಲೆಯ ಔಷಧ. ನಿದ್ದೆಗೆಡದ ಆರೋಗ್ಯವಂತರ ಮೇಲೆ ಅದನ್ನು ಪರೀಕ್ಷಿಸಿದ 24 ಅಧ್ಯಯನಗಳನ್ನು 2015ರ ವಿಮರ್ಶೆಯೊಂದು ಒಟ್ಟಿಗೆ ನೋಡಿತು. ಯೋಜಿಸಿ ನಿರ್ಧರಿಸಬೇಕಾದ ಜಟಿಲ ಕೆಲಸಗಳಲ್ಲಿ ಕೆಲಮಟ್ಟಿನ ಅನುಕೂಲ ಕಂಡಿತು. ನೆನಪಿನ ವಿಷಯದಲ್ಲಿ ಅಂಥ ಸ್ಥಿರ ಲಾಭ ಕಾಣಲಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅದರಲ್ಲಿ 40 ಜನ, ಇಂತಿಷ್ಟೇ ಭಾರ ಹೊರುವ ಚೀಲಕ್ಕೆ ಯಾವ ಯಾವ ವಸ್ತು ತುಂಬಿದರೆ ಹೆಚ್ಚು ಬೆಲೆ ಬಾಳುತ್ತದೆಂಬ ಲೆಕ್ಕ ಬಿಡಿಸಬೇಕಿತ್ತು. ಮೊಡಾಫಿನಿಲ್ ಸೇರಿದಂತೆ ಮೂರು ಔಷಧಗಳನ್ನು ಹುಸಿಮಾತ್ರೆಯೊಡನೆ ಹೋಲಿಸಿದಾಗ, ಔಷಧದ ದಿನಗಳಲ್ಲಿ ಜನ ಹೆಚ್ಚು ಶ್ರಮಪಟ್ಟರು, ಆದರೆ ಆ ಶ್ರಮದ ಗುಣಮಟ್ಟ ಕುಗ್ಗಿತು. ಹುಸಿಮಾತ್ರೆಯಲ್ಲಿ ಸರಾಸರಿಗಿಂತ ಮೇಲಿದ್ದ ಹಲವರು ಔಷಧದಲ್ಲಿ ಕೆಳಗಿಳಿದರು. ‘ಜಾಣನಿಗೆ ಇನ್ನಷ್ಟು ಜಾಣತನ’ ಎಂಬ ಆಸೆಗೆ ಇದು ಸರಿಯಾದ ಉತ್ತರ.

ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ಬಹುಪಾಲು ನಿದ್ದೆಯಲ್ಲಿ. ಎಚ್ಚರವಾಗಿಡುವ ಮಾತ್ರೆ ಆ ಹೊತ್ತನ್ನೇ ಕಸಿಯುತ್ತದೆ. ತಲೆನೋವು, ನಿದ್ರಾಹೀನತೆ, ಆತಂಕ ಇದರಿಂದ ಬರಬಹುದು. ಅಪರೂಪಕ್ಕೆ ಜೀವಕ್ಕೆ ಅಪಾಯವಾಗುವಂಥ ಚರ್ಮದ ಗುಳ್ಳೆಗಳೂ ಏಳುತ್ತವೆ. ವೈದ್ಯರ ಚೀಟಿಯಿಲ್ಲದೆ ಕೊಂಡು ನುಂಗುವ ವಸ್ತುವಲ್ಲ ಇದು. ಗದರಿಸಬೇಡಿ, ಆದರೆ ಈ ವಾರವೇ ಅವನನ್ನು ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನನಗೆ 52 ವರ್ಷ, ಆರೋಗ್ಯವಾಗಿದ್ದೇನೆ. ಬ್ರಾಹ್ಮಿ ಮಾತ್ರೆಯಿಂದ ನೆನಪು ಹೆಚ್ಚುವುದೇ ಎಂದು ನೋಡುವ ಅಧ್ಯಯನಕ್ಕೆ ಸೇರುವಂತೆ ಕೇಳಿದ್ದಾರೆ. ಮೂರು ತಿಂಗಳು ನುಂಗಿದ್ದು ಹುಸಿಮಾತ್ರೆಯೇ ಆಗಿರಬಹುದಂತೆ. ಇದು ಮೋಸವಲ್ಲವೇ?
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮೊದಲೇ ಹೇಳಿ, ನಿಮ್ಮ ಒಪ್ಪಿಗೆ ಪಡೆದು ಕೊಡುವುದರಿಂದ ಮೋಸವಲ್ಲ ತಾಯಿ. ರೇಷ್ಮೆ ಸಾಕುವ ನಿಮ್ಮೂರಿನಲ್ಲಿ ಹೊಸ ಹಿಪ್ಪುನೇರಳೆ ಸೊಪ್ಪಿನ ಗುಣ ತಿಳಿಯಬೇಕೆಂದರೆ ಒಂದೇ ಚಾಕಿಯ (ಒಟ್ಟಿಗೆ ಸಾಕಿದ ಮರಿಗಳ) ಹುಳುಗಳನ್ನು ಎರಡು ತಟ್ಟೆಗೆ ಹಂಚಿ, ಒಂದಕ್ಕೆ ಹಳೆಯ ಸೊಪ್ಪನ್ನೇ ಹಾಕಿ ನೋಡುವುದಿಲ್ಲವೇ? ಹುಸಿಮಾತ್ರೆಯವರು ಆ ಹಳೆಯ ಸೊಪ್ಪಿನ ತಟ್ಟೆಯವರು. ಅವರಿಲ್ಲದೆ ಉತ್ತರವೇ ಇಲ್ಲ.

ಯಾವ ಬ್ರಾಹ್ಮಿ ಎಂದು ಕೇಳಿ. ನಾವು ಚಟ್ನಿ, ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವುದು ನೀರುಬ್ರಾಹ್ಮಿಯ ಸಾರವನ್ನು. 40ರಿಂದ 65 ವರ್ಷದ 76 ಜನರಿಗೆ ಮೂರು ತಿಂಗಳು ಅದನ್ನು ಕೊಟ್ಟು ಆಸ್ಟ್ರೇಲಿಯಾದಲ್ಲಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಲಿಯುವ ವೇಗ ಹೆಚ್ಚಲಿಲ್ಲ, ಗಮನವೂ ಹೆಚ್ಚಲಿಲ್ಲ; ಹೊಸದಾಗಿ ಕಲಿತದ್ದನ್ನು ಮರೆಯುವುದು ಮಾತ್ರ ಕಡಿಮೆಯಾಯಿತು. ಅಷ್ಟು ಸಣ್ಣ ಗುಂಪಿನ ಫಲವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದದ್ದೇ, ಆದ್ದರಿಂದ ನಿಮ್ಮಂಥವರ ನೆರವು ಬೆಲೆಯುಳ್ಳದ್ದು. ಹೊಟ್ಟೆ ತೊಳಸುವುದು, ಮೇಲಿಂದ ಮೇಲೆ ಭೇದಿಯಾಗುವುದು ಇದರ ತಿಳಿದ ತೊಂದರೆಗಳು.

ಸೇರುವ ಮುನ್ನ 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ನಡೆಸುವ ಔಷಧ ಪರೀಕ್ಷೆ) ನೋಂದಣಿಯಲ್ಲಿ ಅಧ್ಯಯನದ ಸಂಖ್ಯೆ ಇದೆಯೇ, ನೈತಿಕ ಸಮಿತಿ ಒಪ್ಪಿದೆಯೇ ಎಂದು ವಿಚಾರಿಸಿ. ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದೇ ಎಂಬುದು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿಯೇ ಬರೆದಿರಬೇಕು. ಬಿ.ಪಿ. ಅಥವಾ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಪತ್ರವನ್ನು ಮನೆಗೆ ತಂದು ಮನೆಯವರೊಡನೆ ಕುಳಿತು ಓದಿ. ಹಾಗೆ ಕೊಂಡೊಯ್ಯಲು ಬಿಡದವರ ಅಧ್ಯಯನಕ್ಕೆ ಸಹಿ ಹಾಕಬೇಡಿ.