ಜ್ವಾಲಾಮುಖಿ ಇಲ್ಲದ ಊರಿಗೆ ಶಿಲಾರಸ ಬಂದ ದಾರಿ

ಪ್ರಶ್ನೆ: ನಮ್ಮ ಊರಿನಲ್ಲಿ ಬಿಳಿಚಿದ ಬಂಡೆಗಳ ನಡುವೆ ಕರಿಕಲ್ಲಿನ ಪಟ್ಟಿಯೊಂದು ದಾರ ಹಿಡಿದು ಗೆರೆ ಎಳೆದಷ್ಟು ನೇರವಾಗಿ ಹೊಲಗಳನ್ನು ದಾಟಿ ಹೋಗಿದೆ. ಅದರ ಒಂದು ಭಾಗದಲ್ಲಿ ಈಗ ಕಲ್ಲುಗಣಿ ನಡೆಯುತ್ತಿದೆ. ಅದು ಭೂಮಿಯ ಆಳದಿಂದ ಬಂದ ಶಿಲಾರಸ ಗಟ್ಟಿಯಾದದ್ದು ಎಂದು ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಹೇಳುತ್ತಾಳೆ. ಸುತ್ತಮುತ್ತ ಎಲ್ಲಿಯೂ ಜ್ವಾಲಾಮುಖಿ ಇಲ್ಲದಿರುವಾಗ ಶಿಲಾರಸ ಯಾವ ದಾರಿಯಲ್ಲಿ ಬಂತು? ಅದು ಮತ್ತೆ ಮೇಲೆದ್ದು ಬರಬಹುದೇ?
— ಓದುಗರೊಬ್ಬರು, ಕನಕಪುರ ತಾಲ್ಲೂಕು

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಭೂವಿಜ್ಞಾನಿಗಳು ಇಂಥ ಪಟ್ಟಿಯನ್ನು ‘ಡೈಕ್’ ಎನ್ನುತ್ತಾರೆ. ನೆಲದ ಮೇಲೆ ಪಟ್ಟಿಯಂತೆ ಕಂಡರೂ ಅದು ವಾಸ್ತವವಾಗಿ ಆಳಕ್ಕೆ ಇಳಿದಿರುವ ಒಂದು ಗೋಡೆ; ನಮಗೆ ಕಾಣುತ್ತಿರುವುದು ಆ ಗೋಡೆಯ ಮೇಲಂಚು ಮಾತ್ರ. ಕಲ್ಲಿನ ವ್ಯಾಪಾರದಲ್ಲಿ ಕನಕಪುರ ಮತ್ತು ಚಾಮರಾಜನಗರದ ಈ ಕರಿಕಲ್ಲಿಗೆ ‘ಕಪ್ಪು ಗ್ರಾನೈಟ್’ ಎಂಬ ಹೆಸರಿದೆಯಾದರೂ ಅದು ಗ್ರಾನೈಟ್ ಅಲ್ಲ, ಡೋಲರೈಟ್. ಬಯಲುಸೀಮೆಯ ಕಪ್ಪು ಬಸಾಲ್ಟಿಗೂ ಇದಕ್ಕೂ ದ್ರವ್ಯ ಹೆಚ್ಚುಕಡಿಮೆ ಒಂದೇ. ಬಸಾಲ್ಟ್ ನೆಲದ ಮೇಲೆ ಹರಿದು ಬೇಗ ಆರಿದ್ದು, ಡೋಲರೈಟ್ ನೆಲದೊಳಗೇ ಉಳಿದು ನಿಧಾನವಾಗಿ ಆರಿದ್ದು.

ಶಿಲಾರಸ ಹರಿಯುವುದಕ್ಕೆ ಭೂಮಿಯೊಳಗೆ ಸುರಂಗಗಳು ಮೊದಲೇ ಸಿದ್ಧವಾಗಿರುತ್ತವೆ ಎಂದು ಅನೇಕರು ಊಹಿಸಿಕೊಂಡಿರುತ್ತಾರೆ. ಶಾಲಾ ಪುಸ್ತಕಗಳ ಚಿತ್ರದಲ್ಲಿ ಬೆಟ್ಟದ ನಡುವೆ ಕೊಳವೆಯಂತೆ ಬರೆದಿರುವುದೂ ಇದಕ್ಕೆ ಕಾರಣವಿರಬೇಕು. ಶಿಲಾರಸ ತನ್ನ ದಾರಿಯನ್ನು ಬಹುಮಟ್ಟಿಗೆ ತಾನೇ ಸೀಳಿಕೊಳ್ಳುತ್ತದೆ. ಕಲ್ಲುಕುಟಿಗರು ದೊಡ್ಡ ಬಂಡೆಯನ್ನು ಒಡೆಯುವಾಗ ಸಾಲಾಗಿ ಕುಳಿ ತೋಡಿ ಬೆಣೆ ಹೊಡೆಯುವುದನ್ನು ನೀವು ನೋಡಿರುತ್ತೀರಿ. ಕೊನೆಯ ಕೆಲವು ಏಟುಗಳಿಗೆ ಬಂಡೆ ನೇರ ಗೆರೆಯಲ್ಲಿ ಬಿರಿಯುತ್ತದೆ. ಭೂಮಿಯೊಳಗೆ ಒತ್ತಡದಲ್ಲಿರುವ ಶಿಲಾರಸವೇ ಬೆಣೆಯಾಗುತ್ತದೆ: ಬಿರುಕಿನ ತುದಿಯಲ್ಲಿ ಕಲ್ಲು ಸೀಳುತ್ತದೆ, ಸೀಳಿದ ಸಂದಿಗೆ ರಸ ನುಗ್ಗುತ್ತದೆ, ನುಗ್ಗಿದ ರಸದ ಒತ್ತಡಕ್ಕೆ ತುದಿ ಇನ್ನಷ್ಟು ಮುಂದಕ್ಕೆ ಸೀಳುತ್ತದೆ. ಭೂಚಿಪ್ಪಿನ ಮೇಲೆ ಬಿಗಿತ ಯಾವ ದಿಕ್ಕಿನಲ್ಲಿ ಅತಿ ಕಡಿಮೆಯೋ ಆ ದಿಕ್ಕಿಗೆ ಬಿರುಕು ಬಾಯಿ ತೆರೆಯುವುದರಿಂದ, ಒಂದು ಪ್ರದೇಶದಲ್ಲಿ ಒಂದೇ ಕಾಲದಲ್ಲಿ ಹುಟ್ಟಿದ ಡೈಕುಗಳು ಸಾಮಾನ್ಯವಾಗಿ ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಬೆಂಗಳೂರಿನ ಸುತ್ತಮುತ್ತ ಪೂರ್ವ-ಪಶ್ಚಿಮವಾಗಿ ಸಾಗಿರುವ ಡೈಕುಗಳ ದೊಡ್ಡ ಗುಂಪು ಹಾಗೆ ಹುಟ್ಟಿದ್ದು; ಅದರ ವಯಸ್ಸು ಸುಮಾರು 237 ಕೋಟಿ ವರ್ಷ.

ಇನ್ನು ಜ್ವಾಲಾಮುಖಿ ಎಲ್ಲಿ ಎಂಬ ಪ್ರಶ್ನೆ. ಹತ್ತಾರು ಕಿಲೋಮೀಟರ್ ಆಳದಲ್ಲಿ, ಭೂಚಿಪ್ಪಿನ ಕೆಳಗಿನ ಕವಚದ ಕಲ್ಲು ಅಲ್ಪ ಪ್ರಮಾಣದಲ್ಲಿ ಕರಗಿ ಶಿಲಾರಸ ಹುಟ್ಟುತ್ತದೆ. ಅದು ಸುತ್ತಲಿನ ಕಲ್ಲಿಗಿಂತ ಹಗುರವಾದ್ದರಿಂದ, ನೀರಿನಲ್ಲಿ ಎಣ್ಣೆ ಮೇಲೇಳುವಂತೆ, ಮೇಲಕ್ಕೆ ಏರುತ್ತದೆ. ಆದರೆ ಮೇಲೇರಿದಂತೆ ಸುತ್ತಲಿನ ಕಲ್ಲೂ ಹಗುರವಾಗುತ್ತ ಹೋಗುತ್ತದೆ. ಎರಡರ ಸಾಂದ್ರತೆ ಸರಿಸಮವಾಗುವ ಮಟ್ಟವನ್ನು ತಲುಪಿದಾಗ ಶಿಲಾರಸಕ್ಕೆ ಇನ್ನೂ ಮೇಲೇರುವ ಕಾರಣ ಉಳಿಯುವುದಿಲ್ಲ; ಹಿಂದಿನಿಂದ ಒತ್ತಡ ಮಾತ್ರ ಬರುತ್ತಲೇ ಇರುತ್ತದೆ. ಆಗ ಅದು ಪಕ್ಕಕ್ಕೆ ತಿರುಗುತ್ತದೆ. ಪಕ್ಕಕ್ಕೆ ಅದು ಸಾಗುವ ದೂರ ಕೆಲವೊಮ್ಮೆ ಮೇಲಕ್ಕೆ ಏರಿದ ದೂರಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಡೈಕ್ ಇರುವ ಊರಿನಲ್ಲಿಯೇ ಜ್ವಾಲಾಮುಖಿ ಇದ್ದಿರಬೇಕು ಎಂದೇನೂ ಇಲ್ಲ.

ಇದು ಬರಿಯ ತರ್ಕವಲ್ಲ, ಕಣ್ಣೆದುರೇ ನಡೆದಿರುವ ಸಂಗತಿ. 2014ರ ಆಗಸ್ಟ್ 16ರಂದು ಐಸ್‌ಲೆಂಡಿನ ಬಾರ್ದಾರ್‌ಬುಂಗಾ ಜ್ವಾಲಾಮುಖಿಯ ಕೆಳಗೆ ಸಣ್ಣ ಭೂಕಂಪಗಳು ಆರಂಭವಾದವು. ದಿನದಿಂದ ದಿನಕ್ಕೆ ಅವುಗಳ ಕೇಂದ್ರ ಜ್ವಾಲಾಮುಖಿಯಿಂದ ದೂರ ಸರಿಯುತ್ತ ಹೋಯಿತು. ಹಿಮದ ಹೊದಿಕೆಯ ಅಡಿಯಲ್ಲಿ ಕಲ್ಲು ಸೀಳುತ್ತಿದ್ದ ಸದ್ದನ್ನು ಭೂಕಂಪಮಾಪಕಗಳು ಹೆಜ್ಜೆಹೆಜ್ಜೆಗೂ ದಾಖಲಿಸಿದವು. ಒಮ್ಮೆ ನುಗ್ಗಿ, ಒಮ್ಮೆ ತಡೆದು ನಿಂತು, ನಡುವೆ ದಿಕ್ಕು ಬದಲಿಸಿ, ಎರಡು ವಾರಗಳಲ್ಲಿ ಶಿಲಾರಸ 45 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಹೊಲುಹ್ರೌನ್ ಎಂಬ ಬಯಲಿನಲ್ಲಿ ಹೊರಬಂದಿತು. ಸರಾಸರಿ ತೆಗೆದರೆ ಸೆಕೆಂಡಿಗೆ ಸುಮಾರು ನಾಲ್ಕು ಸೆಂಟಿಮೀಟರ್, ಅಂದರೆ ಇರುವೆಯ ನಡಿಗೆ! ಅಲ್ಲಿ ಲಾವಾ ಹರಿವು 2015ರ ಫೆಬ್ರುವರಿ ಕೊನೆಯವರೆಗೂ ನಡೆಯಿತು. ಅತ್ತ ಶಿಲಾರಸ ಬರಿದಾದ ಬಾರ್ದಾರ್‌ಬುಂಗಾದ ತಳ ಸುಮಾರು 65 ಮೀಟರ್ ಕುಸಿಯಿತು.

ಪ್ರಾಚೀನ ಪ್ರದೇಶಗಳಲ್ಲಿ ಭೂಕಂಪದ ದಾಖಲೆ ಇರುವುದಿಲ್ಲ. ಅಲ್ಲಿ ಸಾಕ್ಷಿ ಹೇಳುವುದು ಕಲ್ಲೇ. ಹರಿಯುವ ರಸದಲ್ಲಿ ತೇಲುತ್ತಿದ್ದ ಮ್ಯಾಗ್ನೆಟೈಟ್‌ನಂಥ ಕಾಂತೀಯ ಹರಳುಗಳು, ಹೊಳೆಯಲ್ಲಿ ಹುಲ್ಲು ಮಲಗುವಂತೆ, ಹರಿವಿಗೆ ಅನುಗುಣವಾಗಿ ಸಾಲುಗೊಳ್ಳುತ್ತವೆ. ಕಲ್ಲಿನಲ್ಲಿ ಬೆರಳುದ್ದದ ಕೊಳವೆಯಾಕಾರದ ತುಂಡು ಕೊರೆದು, ತೆಗೆಯುವ ಮೊದಲೇ ಅದರ ಮೇಲೆ ದಿಕ್ಕಿನ ಗುರುತು ಹಾಕಿಕೊಂಡು, ಪ್ರಯೋಗಾಲಯದಲ್ಲಿ ಅದರ ಕಾಂತಗುಣವನ್ನು ಅಳೆದರೆ ರಸ ಮೇಲಕ್ಕೆ ಹರಿದಿತ್ತೇ ಅಡ್ಡಕ್ಕೆ ಹರಿದಿತ್ತೇ ಎಂಬುದು ತಿಳಿಯುತ್ತದೆ. ಕೆನಡಾದ ಮೆಕೆಂಜಿ ಡೈಕುಗಳು ಸುಮಾರು 127 ಕೋಟಿ ವರ್ಷ ಹಳೆಯವು. ಒಂದು ಕೇಂದ್ರದಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿವೆ. ಕೇಂದ್ರದಿಂದ 500 ಕಿಲೋಮೀಟರಿನ ಆಸುಪಾಸಿನವರೆಗೆ ಅವುಗಳಲ್ಲಿ ಹರಿವು ಮೇಲ್ಮುಖವಾಗಿದ್ದು, ಅದರಾಚೆಗೆ ಅಡ್ಡವಾಗಿರುವುದು ಈ ವಿಧಾನದಿಂದಲೇ ಗೊತ್ತಾಯಿತು.

ಹೋಲಿಕೆಗಾಗಿ ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆಗಳನ್ನೂ ನೋಡಬಹುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಅಲ್ಲಿ ಪದರಪದರವಾಗಿ ಹಾಸಿಕೊಂಡಿತು. ಆದರೆ ಅದನ್ನು ಉಣಿಸಿದ ಡೈಕುಗಳು ಆ ಜಿಲ್ಲೆಗಳಲ್ಲಿ ವಿರಳ. ಅವು ಸಾಂದ್ರವಾಗಿ ಕಾಣುವುದು ನರ್ಮದಾ-ತಾಪಿ ಕಣಿವೆ ಮತ್ತು ಪಶ್ಚಿಮ ಕರಾವಳಿಯ ಕಡೆ. ಮಹಾರಾಷ್ಟ್ರದ ಧುಳೆ ಪ್ರದೇಶದ ಒಂದು ಡೈಕ್ 79 ಕಿಲೋಮೀಟರ್ ಉದ್ದವಿದೆ. ಉತ್ತರ ಕರ್ನಾಟಕದಲ್ಲಿ ಲಾವಾ ಇದ್ದರೂ ಅದು ಬಂದ ಬಿರುಕುಗಳು ಕಾಣುವುದು ಅಪರೂಪ. ನಿಮ್ಮ ಕಡೆ ಬಿರುಕುಗಳು ಉಳಿದಿವೆ, ಅವುಗಳ ಮೇಲೆ ಲಾವಾ ಹರಿದಿದ್ದರೂ ಈಗ ಅದರ ಕುರುಹಿಲ್ಲ. ಡೈಕುಗಳು ಗಟ್ಟಿಯಾದಾಗ ಅವುಗಳ ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಅಂದಿನಿಂದ ಇಂದಿನವರೆಗೆ ಸವೆದುಹೋಗಿದೆ.

ಮತ್ತೆ ಎದ್ದು ಬರುವ ಆತಂಕ ಬೇಡ. ಡೈಕ್ ಆರಲು ಬೇಕಾದ ಕಾಲ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡು ಮೀಟರ್ ದಪ್ಪದ ಡೈಕ್ ಹತ್ತು-ಹನ್ನೊಂದು ದಿನಗಳಲ್ಲಿ ಗಟ್ಟಿಯಾದರೆ, ಮೂವತ್ತು ಮೀಟರಿನದಕ್ಕೆ 225 ಪಟ್ಟು ಕಾಲ, ಅಂದರೆ ಆರೇಳು ವರ್ಷ ಸಾಕು. ನಿಮ್ಮ ಊರಿನದು ಗಟ್ಟಿಯಾಗಿ ಕೋಟ್ಯಂತರ ವರ್ಷಗಳೇ ಕಳೆದಿವೆ.

ಆರಿದ ಬಗೆಯನ್ನು ಮಾತ್ರ ನೀವೇ ನೋಡಬಹುದು. ಗಣಿಯವರ ಒಪ್ಪಿಗೆ ಪಡೆದು, ಪಟ್ಟಿಯ ನಡುವಿನದೊಂದು ಚೂರು, ಬಿಳಿ ಬಂಡೆಗೆ ಅಂಟಿದಂತಿರುವ ಅಂಚಿನದೊಂದು ಚೂರು ತಂದು ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿಯಿರಿ. ನಡುವಿನ ಚೂರಿನಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿಯ ಕಡ್ಡಿಗಳು ಕಪ್ಪಿನ ನಡುವೆ ಹೆಣೆದುಕೊಂಡಿರುತ್ತವೆ. ಅಂಚಿನ ಚೂರಿನಲ್ಲಿ ಭೂತಗನ್ನಡಿ ಹಿಡಿದರೂ ಹರಳು ಕಾಣುವುದು ಕಷ್ಟ. ತಣ್ಣನೆಯ ಬಂಡೆಯನ್ನು ಮುಟ್ಟಿದ ಕ್ಷಣವೇ ಅಲ್ಲಿ ರಸ ಹೆಪ್ಪುಗಟ್ಟಿದ್ದರಿಂದ ಹರಳು ಬೆಳೆಯಲು ಸಮಯವೇ ಸಿಕ್ಕಿರಲಿಲ್ಲ.