ಆರು ತಿಂಗಳ ಸೇವೆಗೆ ಪ್ರವಾಸಿ ವೀಸಾ ಸಾಲದು

ನೈರೋಬಿಯಿಂದ ಬಸ್ಸಿನಲ್ಲಿ ಉಗಾಂಡಾಕ್ಕೆ ಹೋಗಿ, ಅಲ್ಲಿನ ಶಾಲೆಯಲ್ಲಿ ಆರು ತಿಂಗಳು ಪುಕ್ಕಟೆ ಪಾಠ ಮಾಡಲು ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಸಾಕೇ ಅಂತ ಕೇಳಿದ್ದೀರಿ. ಸಾಲದು. 100 ಡಾಲರಿನ ಆ ವೀಸಾ ಕೀನ್ಯಾ, ಉಗಾಂಡಾ, ರುವಾಂಡಾ ಸುತ್ತಲು ಮಾತ್ರ, ಅದೂ 90 ದಿನಕ್ಕೆ. ಸಂಬಳವಿಲ್ಲದ ಕೆಲಸಕ್ಕೂ ಪರವಾನಗಿ ಬೇಕು. ಶಾಲೆಯ ಪತ್ರ, ನೋಂದಣಿ ದಾಖಲೆ ಕೈಸೇರುವವರೆಗೆ ಟಿಕೆಟ್ ತೆಗೆಯಬೇಡಿ. ಶಾಲೆಯವರು "ಪ್ರವಾಸಿ ಅಂತಲೇ ಬನ್ನಿ" ಎಂದರೆ ದಯವಿಟ್ಟು ಒಪ್ಪಬೇಡಿ, ಸಿಕ್ಕಿಬಿದ್ದರೆ ದಂಡ, ಗಡಿಪಾರು ನಿಮಗೇ.

ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಹಾಕಿಸಿ. ಲಸಿಕೆ ಕಾರ್ಡಿನಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಮರಳುವಾಗ ಅದಿಲ್ಲದಿದ್ದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್.

ಕೀನ್ಯಾ-ಉಗಾಂಡಾ ನಡುವಿನ ಬುಸಿಯಾ ಗಡಿಯಲ್ಲಿ ಎರಡೂ ದೇಶದ ಮುದ್ರೆ ಒಂದೇ ಕಟ್ಟಡದಲ್ಲಿ ಬೀಳುತ್ತದೆ. ಡಾಲರ್ ನೋಟು ಹೊಸದಿರಲಿ, ಹರಿದದ್ದು, ಗೀಚಿದ್ದು ಯಾರೂ ಮುಟ್ಟುವುದಿಲ್ಲ.