ಸೆಕೆಂಡ್ ಹ್ಯಾಂಡ್ 130 ಮಿ.ಮೀ. ಕನ್ನಡಿಯ ರಿಫ್ಲೆಕ್ಟರ್ ಟೆಲಿಸ್ಕೋಪ್‌ನಲ್ಲಿ ಗುರು ಗ್ರಹ ಮಸುಕು: ತಗೊಳ್ಳಬಹುದಾ?

ಮಾರಾಟಕ್ಕಿರೋ ಟೆಲಿಸ್ಕೋಪಲ್ಲಿ ಗುರು ಮಸುಕಾಗಿ ಕಾಣುತ್ತೆ, ಕನ್ನಡಿಯ ಧೂಳೇ ಕಾರಣ ಇರಬೇಕು, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಮಸುಕಿಗೆ ಕಾರಣ ನೀವು ಅಂದುಕೊಂಡ ಹಾಗೆ ಕನ್ನಡಿಯ ಧೂಳಲ್ಲ, ಬಹುಶಃ ಕಾಲಿಮೇಷನ್ (ಕನ್ನಡಿಗಳ ನೇರ ಜೋಡಣೆ) ತಪ್ಪಿದೆ. ದುಡ್ಡು ಕೊಡೋ ಮುಂಚೆ ಕೊಳವೆಯ ಬಾಯಿಂದ ಟಾರ್ಚ್ ಬಿಟ್ಟು ನೋಡಿ. ಆ ಬೆಳಕಲ್ಲಿ ಚೂರು ಧೂಳೂ ಭಯಂಕರವಾಗಿ ಕಾಣುತ್ತೆ, ಹೆದರಬೇಡಿ. ಕನ್ನಡಿಯ ಹೊಳಪಿನ ಲೇಪನ ಎದ್ದಿದ್ದರೆ ಮಾತ್ರ ಬೇಡ. ಆಮೇಲೆ ಕೊಳವೆಯ ಉದ್ದ ಅಳೆಯಿರಿ. ಫೋಕಲ್ ಲೆಂಗ್ತ್ (ಬೆಳಕು ಒಂದೆಡೆ ಸೇರುವ ದೂರ) 1000 ಮಿ.ಮೀ. ಅಂತ ಬರೆದು ಕೊಳವೆ ಅದರರ್ಧವಷ್ಟೇ ಇದ್ದರೆ ಫೋಕಸರ್ (ಕಣ್ಣಿಡೋ ಲೆನ್ಸ್ ಕೂರುವ ಭಾಗ) ಒಳಗೆ ಇನ್ನೊಂದು ಲೆನ್ಸ್ ಇರುತ್ತೆ. ಅದರ ಕಾಲಿಮೇಷನ್ ಹೊಸಬರಿಗೆ ಬರೀ ತಲೆನೋವು, ಬಿಟ್ಟುಬಿಡಿ.

ಇವೆರಡೂ ಸರಿಯಿದ್ದರೆ ಅರ್ಧ ಗಂಟೆ ಹೊರಗೆ ತಣಿಯಲು ಬಿಟ್ಟು, ಹೊಳೆಯುವ ನಕ್ಷತ್ರವೊಂದನ್ನು ನಟ್ಟನಡುವೆ ತಂದು ಫೋಕಸ್ ಸ್ವಲ್ಪ ತಪ್ಪಿಸಿ; ನಕ್ಷತ್ರ ಉಂಗುರಗಳಾಗಿ ಕಾಣುತ್ತೆ. ಉಂಗುರಗಳು ಒಂದು ಕಡೆಗೆ ವಾಲಿದ್ದರೆ ಕಾಲಿಮೇಷನ್ನೇ; ಹಿಂಬದಿಯ ಸ್ಕ್ರೂಗಳಲ್ಲಿ ಸರಿಹೋಗುತ್ತೆ, ತಗೊಳ್ಳಿ. ವಾಲದೆ ಬರೀ ನಡುಗುತ್ತಿದ್ದರೆ ಅವತ್ತಿನ ಗಾಳಿಯ ದೋಷವಿರಬಹುದು, ಇನ್ನೊಂದು ರಾತ್ರಿ ನೋಡಿ. ಸ್ಟ್ಯಾಂಡ್ ಅಲುಗಾಡಿದರೆ ಚೌಕಾಸಿ ಮಾಡಿ.